ಮಳೆ ಗುರುತು ಹಾಕುವವರಿಗೆ
ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಫಾರ್ವರ್ಡ್ ಮೆಸೇಜ್ ಬೇಡ, ನಿಮ್ಮ ಊರಿನ ಹಿರಿಯರು ನೋಡುವ ಮಳೆ ಗುರುತು ಹಾಕಿ. ಇರುವೆ ಮೊಟ್ಟೆ ಹೊತ್ತು ಮೇಲೇರುವುದು, ಚಂದ್ರ ಗುಡಿ ಕಟ್ಟುವುದು (ಚಂದ್ರನ ಸುತ್ತ ಬೆಳಕಿನ ಬಳೆ ಕಾಣುವುದು), ಯಾವುದಾದರೂ ಸರಿ. ಗುಡಿ ಕಾಣುವುದು ಎತ್ತರದ ತೆಳು ಮೋಡದಲ್ಲಿರುವ ಹಿಮದ ಹರಳುಗಳಿಂದ. ಅಂಥ ಮೋಡ ಎಷ್ಟೋ ಸಲ ಮಳೆಗೆ ಮುಂಚೆ ಬರುತ್ತದೆ, ಹಾಗಾಗಿ ಇದು ಸುಮ್ನೆ ಮಾತಲ್ಲ.

'ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ' ಥರದ ಗಾದೆಯೂ ಬರಲಿ. ಆದರೆ ಒಂದು ನಕ್ಷತ್ರದ ಮಳೆ ಸುಮಾರು 14 ದಿನ ಅಲ್ವಾ? ಬಿತ್ತನೆ ಲೆಕ್ಕಕ್ಕೆ ಅದು ಸಾಕು, ನಾಳೆ ಔಷಧಿ ಹೊಡೆಯಲು ಸಾಲದು. ಅದಕ್ಕೆ ರೈತರಿಗೆ ಹವಾಮಾನ ಮುನ್ಸೂಚನೆ ಕೊಡುವ ಸರ್ಕಾರದ ಮೇಘದೂತ್ ಆ್ಯಪ್ ನೋಡಿ.

ಊರು, ತಾರೀಖು ಮರೆಯದೆ ಬರೆಯಿರಿ. ಗುರುತು ಕಂಡೂ ಮಳೆ ಬರದಿದ್ದರೆ ಅದನ್ನೂ ತಿಳಿಸಿ, ಯಾರೂ ನಗುವುದಿಲ್ಲ.