ಮೊದಲ ವಂದನೆ ಕುಣಿದವರಿಗೆ

ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ ಬಂದಿದೆ. ಹತ್ತು ಹಾಡು. ವಿನೈಲ್ ತಟ್ಟೆಯೂ ಕೈಗೆ ಸಿಕ್ಕಿದೆ. ಹಾಸನದಿಂದ, ಬೆಂಗಳೂರಿನಿಂದ, ಇಲ್ಲೇ ಆಸ್ಟಿನ್‌ನಿಂದ ಎಷ್ಟೊಂದು ಜನ ಮೆಸೇಜ್ ಹಾಕಿದ್ದೀರಿ! ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಂಡಿನ ಉಳಿದವರು ಇಂಗ್ಲಿಷಿನಲ್ಲಿ ಧನ್ಯವಾದ ಹೇಳಿ ಆಗಿದೆ. ಕನ್ನಡದಲ್ಲಿ ಹೇಳಲು ಇರುವವನು ನಾನೊಬ್ಬನೇ.

ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಹಾಸನದವನು, ಈಗ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇನೆ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ. ಶುಕ್ರವಾರ, ಶನಿವಾರ ರಾತ್ರಿ ಕಂಟ್ರಿ ರಾಕ್ ಬ್ಯಾಂಡೊಂದರಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತೇನೆ. ಮಲಗಿಸಿಟ್ಟ ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸಿ, ಕಾಲಿನಿಂದ ಪೆಡಲ್ ತುಳಿದು ನುಡಿಸುವ ವಾದ್ಯ ಅದು; ಚಿಕ್ಕದಾಗಿ ಸ್ಟೀಲ್ ಅನ್ನುತ್ತೇವೆ. ನಮ್ಮ ಹಾಡುಗಳ ಬೇರು ಹಾಂಕಿ-ಟಾಂಕ್‌ನಲ್ಲಿದೆ, ಅಂದರೆ ಬಾರುಗಳಲ್ಲಿ ಬೆಳೆದ ಕಂಟ್ರಿ ಸಂಗೀತದಲ್ಲಿ; ಬಿಸಿ ಮಾತ್ರ ರಾಕ್‌ನದ್ದು.

ಮೊದಲ ಧನ್ಯವಾದ ನಮ್ಮ ಮುಂದೆ ಕುಣಿದವರಿಗೆ. ಈ ಆಲ್ಬಮ್‌ನ ಪ್ರತಿ ಹಾಡಿನ ನಡಿಗೆಯನ್ನು ನಾವು ಕಲಿತದ್ದು ಅವರ ಕಾಲುಗಳನ್ನು ನೋಡಿಯೇ.

ಟೆಕ್ಸಸ್‌ನ ಡ್ಯಾನ್ಸ್ ಹಾಲ್ ನೋಡದವರಿಗೆ ಸ್ವಲ್ಪ ಹೇಳಬೇಕು. ಮರದ ನೆಲ. ಬೂಟು ಸಲೀಸಾಗಿ ಜಾರಲಿ ಎಂದು ಮೇಲೆ ಪುಡಿ ಉದುರಿಸಿರುತ್ತಾರೆ. ಜೋಡಿಗಳು ಅಪ್ರದಕ್ಷಿಣವಾಗಿ ಸುತ್ತು ಹಾಕುತ್ತವೆ. ಎರಡು ಬೇಗದ ಹೆಜ್ಜೆ, ಎರಡು ನಿಧಾನದ ಹೆಜ್ಜೆ, ಅದೇ ಟೂ-ಸ್ಟೆಪ್. ಇಂಥದ್ದೇ ಒಂದು ಡ್ಯಾನ್ಸ್ ಹಾಲ್, ಗ್ರೀನ್ ಹಾಲ್ (Gruene Hall), 1878ರದ್ದು. ಆಸ್ಟಿನ್‌ನ ಬ್ರೋಕನ್ ಸ್ಪೋಕ್ ಅನ್ನು ಜೇಮ್ಸ್ ವೈಟ್ 1964ರಲ್ಲಿ ತೆರೆದರು. ಅಲ್ಲಿ ಬ್ಯಾಂಡ್ ಶುರುವಾಗುವ ಮುಂಚೆ ಕುಣಿತದ ಪಾಠ ನಡೆಯುತ್ತದೆ. ನಾನೂ ನನ್ನ ಹೆಂಡತಿಯೂ ಟೂ-ಸ್ಟೆಪ್ ಕಲಿತದ್ದು ಅಲ್ಲೇ. ಎಪ್ಪತ್ತು ದಾಟಿದ ಗಂಡ ಹೆಂಡತಿ ಕಣ್ಣು ಮುಚ್ಚಿಕೊಂಡು ಸುತ್ತು ಬರುತ್ತಿರುತ್ತಾರೆ. ಅವರ ಪಕ್ಕದಲ್ಲೇ ಕಾಲೇಜು ಹುಡುಗ ಹುಡುಗಿಯರು ಹೆಜ್ಜೆ ಲೆಕ್ಕ ಹಾಕುತ್ತಿರುತ್ತಾರೆ.

ಇವರ ಮುಂದೆ ನುಡಿಸುವುದು ಸುಲಭವಲ್ಲ. ಹಾಡು ಸ್ವಲ್ಪ ಓಡಿದರೂ ಹಿರಿಯರು ಕುರ್ಚಿಗೆ ವಾಪಸ್. ಸ್ವಲ್ಪ ಎಳೆದರೆ ಹುಡುಗರು ಬಿಯರ್ ತರಲು ಹೋಗುತ್ತಾರೆ. ನಮ್ಮ ಡ್ರಮ್ಮರ್ ಹಾಡು ಮುಗಿಯುವವರೆಗೂ ನೆಲದ ಮೇಲಿಂದ ಕಣ್ಣು ಕೀಳುವುದಿಲ್ಲ. ಒಂದು ರಾತ್ರಿ ಒಬ್ಬ ಅಜ್ಜಿ ಸ್ಟೇಜ್ ಹತ್ತಿರ ಬಂದು, ಅದರ ಅಂಚಿನ ಮೇಲೆ ಉಂಗುರದ ಬೆರಳಿನಿಂದ ಟಕ್ ಟಕ್ ಎಂದು ತಟ್ಟಿ ತೋರಿಸಿದರು. "ಈ ಹಾಡಿಗೆ ಇಷ್ಟು ಸಾಕು ಕಣಪ್ಪ" ಅನ್ನುವ ಹಾಗೆ ತಲೆ ಆಡಿಸಿ ಮತ್ತೆ ಕುಣಿಯಲು ಹೋದರು. ಆಲ್ಬಮ್‌ನ ಎರಡನೇ ಹಾಡು ಇವತ್ತಿಗೂ ಅವರು ತಟ್ಟಿದ ಲಯದಲ್ಲೇ ಇದೆ. ಆ ಅಜ್ಜಿಗೆ ನಮಸ್ಕಾರ. ಎನರ್ಜಿ ಅಂದರೆ ಜೋರು ಸದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಹಿಡಿದು ನಿಲ್ಲಿಸಿದ ಲಯದಲ್ಲಿದೆ, ಎರಡು ಪೆಟ್ಟಿನ ನಡುವೆ ಬಿಟ್ಟ ಜಾಗದಲ್ಲಿದೆ.

ಹಾಂಕಿ-ಟಾಂಕ್ ಬೆಳೆದದ್ದೇ ಇಂಥ ಜನರ ನಡುವೆ. 1933ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಹೋಯಿತು. ಪೂರ್ವ ಟೆಕ್ಸಸ್‌ನಲ್ಲಿ ಆಗಷ್ಟೇ ತೈಲ ಸಿಕ್ಕಿತ್ತು. ಕೈಯಲ್ಲಿ ಕೂಲಿ ದುಡ್ಡು, ರಸ್ತೆ ಬದಿಯ ಬಾರು, ಮೂಲೆಯಲ್ಲೊಂದು ಜೂಕ್‌ಬಾಕ್ಸ್, ಕಾಸು ಹಾಕಿದರೆ ರೆಕಾರ್ಡ್ ಹಾಡುವ ಪೆಟ್ಟಿಗೆ. ಆ ಗದ್ದಲದಲ್ಲಿ ಸಾದಾ ಗಿಟಾರ್ ಯಾರಿಗೆ ಕೇಳಬೇಕು? 1941ರಲ್ಲಿ ಗಾಯಕ ಅರ್ನೆಸ್ಟ್ ಟಬ್ ತಮ್ಮ ರೆಕಾರ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಳಸಿದರು. 1954ರಲ್ಲಿ ಗಾಯಕ ವೆಬ್ ಪಿಯರ್ಸ್ ಅವರ ಹಾಡೊಂದರಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ಪೆಡಲ್ ತುಳಿದು ತಂತಿಯ ಸ್ವರ ಏರಿಸಿದ್ದು ಕೇಳಿ, ಉಳಿದ ಸ್ಟೀಲ್ ವಾದಕರೂ ಪೆಡಲ್ ಹಾಕಿಸಿಕೊಳ್ಳಲು ಓಡಿದರು. 1956ರಲ್ಲಿ ಗಾಯಕ ರೇ ಪ್ರೈಸ್ ನಾಲ್ಕೂ ಪೆಟ್ಟಿಗೆ ಬಾಸ್ ನಡೆಸುವ, ಶಫಲ್ ಎಂಬ ಲಯ ತಂದರು. ನಮ್ಮ ಹತ್ತರಲ್ಲಿ ನಾಲ್ಕು ಹಾಡು ಆ ಶಫಲ್‌ನಲ್ಲೇ ಇವೆ. ರಾಕ್ ಬಂದು ಸೇರಿದ್ದು ಆಮೇಲೆ. ಆಸ್ಟಿನ್‌ನಲ್ಲಿ 1970ರಿಂದ 1980ರವರೆಗೆ ಆರ್ಮಡಿಲ್ಲೊ ವರ್ಲ್ಡ್ ಹೆಡ್‌ಕ್ವಾರ್ಟರ್ಸ್ ಎಂಬ ದೊಡ್ಡ ಹಾಲ್ ಇತ್ತು. 1972ರಲ್ಲಿ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಅಲ್ಲಿ ಹಾಡಿದರು. ಉದ್ದ ಕೂದಲಿನ ಹಿಪ್ಪಿಗಳೂ ಕೌಬಾಯ್ ಹ್ಯಾಟಿನವರೂ ಒಂದೇ ಸೂರಿನ ಕೆಳಗೆ ನಿಂತು ಕೇಳಿದರು. ಇವರೆಲ್ಲರ ಋಣ ನಮ್ಮ ಮೇಲಿದೆ.

ಇನ್ನು ನನಗೆ ಸ್ಟೀಲ್ ಕಲಿಸಿದ ಗುರುಗಳು. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಹೋದ ವರ್ಷ ಬೇರೆ ಊರಿನಲ್ಲಿ ಶೋ ಮುಗಿಸಿ ಮಲಗಿದ್ದಾಗ ನಮ್ಮ ವ್ಯಾನಿನ ಬೀಗ ಒಡೆದು ಸಾಮಾನೆಲ್ಲ ಕದ್ದರು. ಎರಡು ಗಿಟಾರ್, ಆಂಪ್ (ಸದ್ದು ಏರಿಸುವ ಆಂಪ್ಲಿಫೈಯರ್), ನನ್ನ ಸ್ಟೀಲ್, ಎಲ್ಲ ಹೋಯಿತು. ಸ್ಟುಡಿಯೋಗೆ ಮುಂಗಡ ಕೊಟ್ಟಾಗಿತ್ತು. ಬ್ಯಾಂಡ್ ಮುಚ್ಚಿಬಿಡೋಣ ಎನ್ನುವ ಮಾತೂ ಬಂತು. ಸುದ್ದಿ ಕೇಳಿದ ಗುರುಗಳು ತಮ್ಮ ಹಳೆಯ ಸ್ಟೀಲ್ ಆದ ಎಮ್ಮನ್ಸ್ ಪುಶ್-ಪುಲ್ ಅನ್ನು ಪಿಕಪ್ ಟ್ರಕ್ಕಿನಲ್ಲಿ ಹಾಕಿಕೊಂಡು ನಮ್ಮ ಮನೆಗೇ ಬಂದರು. ಅದನ್ನು ಎತ್ತಲು ಇಬ್ಬರು ಬೇಕು, ಅಷ್ಟು ಭಾರ. "ಆಲ್ಬಮ್ ಮುಗಿಯುವವರೆಗೆ ಇದು ನಿನ್ನದು" ಎಂದಷ್ಟೇ ಹೇಳಿ, ಕಾಫಿ ಕುಡಿದು ಹೊರಟರು. ಆಲ್ಬಮ್‌ನಲ್ಲಿ ನೀವು ಕೇಳುವ ಸ್ಟೀಲ್ ಪೂರ್ತಿ ಅದೇ ವಾದ್ಯದ್ದು. ಬೇರೆ ಬ್ಯಾಂಡಿನವರು ಆಂಪ್ ಕೊಟ್ಟರು. ಶೋಗೆ ಬರುವವರು ಹತ್ತು, ಇಪ್ಪತ್ತು ಡಾಲರ್ ಕಳಿಸಿ ಗಿಟಾರ್ ಕೊಡಿಸಿದರು. ನಿಮ್ಮೆಲ್ಲರ ಹೆಸರು ಕವರ್‌ನ ಒಳಗೆ ಅಚ್ಚಾಗಿದೆ, ನೋಡಿಕೊಳ್ಳಿ.

ರೆಕಾರ್ಡಿಂಗ್ ಎಂಜಿನಿಯರ್‌ಗೂ ಬಾಸ್ ವಾದಕನ ಅಮ್ಮನಿಗೂ ಒಟ್ಟಿಗೇ ಥ್ಯಾಂಕ್ಸ್ ಹೇಳಬೇಕು. ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಸಲಕ್ಕೆ ನುಡಿಸಬೇಕು ಎಂದು ಹಟ ಹಿಡಿದವರು ಎಂಜಿನಿಯರ್. ಡ್ರಮ್ ಸುತ್ತ ಕಟ್ಟಲು ಮನೆಯ ರಜಾಯಿಗಳನ್ನೆಲ್ಲ ಕಳಿಸಿದವರು ಆ ಅಮ್ಮ. ಒಂದೇ ಕೋಣೆಯಲ್ಲಿ ನುಡಿಸಿದರೆ ಡ್ರಮ್ ಸದ್ದು ಸ್ಟೀಲ್‌ನ ಮೈಕಿಗೂ ಬೀಳುತ್ತದೆ, ಆಮೇಲೆ ಒಬ್ಬರದ್ದನ್ನು ಮಾತ್ರ ತಿದ್ದಲು ಆಗುವುದಿಲ್ಲ. ಐದನೇ ಹಾಡಿನ ಕೊನೆಯಲ್ಲಿ ನನ್ನ ಮೂರನೇ ತಂತಿ ಕಿತ್ತುಹೋಯಿತು. ಸ್ಟೀಲ್‌ನಲ್ಲಿ ಜಾಸ್ತಿ ಕೀಳುವುದು ಆ ತೆಳ್ಳನೆಯ ತಂತಿಯೇ. ಉಳಿದ ತಂತಿಗಳಲ್ಲೇ ಹಾಡು ಮುಗಿಸಿದೆ. ಹೆಡ್‌ಫೋನ್ ಹಾಕಿ ಕೇಳಿದರೆ ಆ ಟಣ್ ಸದ್ದು ಸಿಗುತ್ತದೆ. ಹಾಡುವವಳು ನಡುಗದೆ ಮುಂದಿನ ಸಾಲಿಗೆ ಹೋದಳು. ಅವಳ ಆ ಸಾಲಿಗಾಗಿ ಟೇಕ್ ಹಾಗೇ ಉಳಿಸಿಕೊಂಡೆವು.

ನನ್ನ ಅಮ್ಮನ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಅಮ್ಮ ವೀಣೆ ಕಲಿತವರು. ನನ್ನ ಸ್ಟೀಲ್‌ಗೆ ಹತ್ತು ತಂತಿ, ಇ-ನೈನ್ ಶ್ರುತಿ. ಪಾಶ್ಚಾತ್ಯ ಸ್ವರ 'ಇ'ಯನ್ನು ಷಡ್ಜ ಅಂದುಕೊಳ್ಳಿ. ಎಡಗಾಲಿನಿಂದ ಮೊದಲೆರಡು ಪೆಡಲ್ ಒಟ್ಟಿಗೆ ತುಳಿದರೆ ಗಾಂಧಾರ ಜಾರಿ ಮಧ್ಯಮಕ್ಕೆ ಏರುತ್ತದೆ, ಪಂಚಮ ಧೈವತಕ್ಕೆ ಹೋಗುತ್ತದೆ, ಷಡ್ಜ ಅಲ್ಲೇ ನಿಂತಿರುತ್ತದೆ. ಕಂಟ್ರಿ ಹಾಡಿನ ಆ ಅಳುವ ಸದ್ದು ಬರುವುದು ಹೆಚ್ಚಾಗಿ ಇಲ್ಲಿಂದ. ಈ ವಾದ್ಯಕ್ಕೆ ವೀಣೆಗಿರುವಂಥ ಫ್ರೆಟ್ ಇಲ್ಲ. ಎಡಗೈಯಲ್ಲಿ ಉಕ್ಕಿನ ಬಾರ್ ಹಿಡಿದು ಸ್ವರ ಹುಡುಕಬೇಕು, ನಮ್ಮ ಗೋಟುವಾದ್ಯದಲ್ಲಿ ಹುಡುಕುವ ಹಾಗೆ. ಕಣ್ಣಿಗೆ ಗೆರೆ ಕಾಣುತ್ತದೆ, ಆದರೆ ಸ್ವರ ಕೂರುವ ಜಾಗ ಕಿವಿಗೇ ಗೊತ್ತು. ಪ್ರತಿ ಹಾಡಿನ ಡೆಮೊ ಅಮ್ಮನಿಗೆ ಕಳಿಸುತ್ತಿದ್ದೆ. ಇಂಗ್ಲಿಷ್ ಪದಗಳ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ. "ಗಾಂಧಾರ ಒಂಚೂರು ಇಳಿದಿದೆ ನೋಡೋ" ಎನ್ನುತ್ತಿದ್ದರು. ಪ್ರತಿ ಸಲವೂ ಸರಿಯಾಗೇ ಹೇಳುತ್ತಿದ್ದರು. ನಮ್ಮ ಹಾಡುಗಾರ್ತಿ ಈಗ ಅವರನ್ನು 'ಅಮ್ಮಾ' ಎಂದೇ ಕರೆಯುತ್ತಾಳೆ. ಮಿಕ್ಸ್ ಮುಗಿದ ಮೇಲೆ ಅವಳು ಮೊದಲು ಕೇಳಿದ್ದು, "ಅಮ್ಮ ಏನಂದ್ರು?"

ಇಲ್ಲಿನ ಕನ್ನಡದ ಬಳಗಕ್ಕೆ ಏನು ಹೇಳಲಿ? ಆಲ್ಬಮ್ ಬಿಡುಗಡೆಯ ರಾತ್ರಿ ಎರಡು ಮೇಜು ತುಂಬಾ ಬಂದಿರಿ. ಸೀರೆ ಉಟ್ಟ ಅತ್ತೆಯೊಬ್ಬರು ಹ್ಯಾಟ್ ಹಾಕಿದ ತಾತನ ಜೊತೆ ಅಪ್ರದಕ್ಷಿಣವಾಗಿ ಮೂರು ಹಾಡು ಸುತ್ತು ಬಂದರು, ಒಂದು ಹೆಜ್ಜೆಯೂ ತಪ್ಪಲಿಲ್ಲ. ಸ್ಟೀಲ್ ಮುಂದೆ ಕೂತವನಿಗೆ ಇದಕ್ಕಿಂತ ಸಂತೋಷ ಬೇರೆ ಏನಿದೆ? ಮಗಳನ್ನು ನೋಡಿಕೊಂಡ ಪಕ್ಕದ ಮನೆಯವರಿಗೆ, ಎಷ್ಟೋ ವಾರಾಂತ್ಯಗಳನ್ನು ನನಗೆ ಬಿಟ್ಟುಕೊಟ್ಟ ನನ್ನ ಹೆಂಡತಿಗೆ ತುಂಬು ಮನಸ್ಸಿನ ಧನ್ಯವಾದ.

ಎಮ್ಮನ್ಸ್ ಅನ್ನು ವಾಪಸ್ ತೆಗೆದುಕೊಂಡು ಹೋಗಿದ್ದೆ. ಗುರುಗಳು ಬಾಗಿಲಲ್ಲೇ ನಿಲ್ಲಿಸಿ, "ಎರಡನೇ ಆಲ್ಬಮ್ ಯಾವಾಗ?" ಎಂದು ಕೇಳಿದರು. ಹಾಡು ಬರೆಯುವುದು ಶುರುವಾಗಿದೆ. ಶನಿವಾರ ಮತ್ತೆ ನುಡಿಸುತ್ತೇವೆ. ಎಂಟಕ್ಕೆ ಕುಣಿತದ ಪಾಠ, ಒಂಬತ್ತಕ್ಕೆ ನಾವು. ಬೂಟು ಇಲ್ಲದಿದ್ದರೂ ಪರವಾಗಿಲ್ಲ, ಬನ್ನಿ.