ಗಾಯಗೊಂಡ ಹೇಂಟೆಯನ್ನು ಕೊಯ್ಯುವ ಮುನ್ನ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಿತ್ತಿಲುಗಳಲ್ಲಿ ಕೋಳಿ ಸಾಕುವವರಿಗೆ ನೆಮ್ಮದಿಯಿಲ್ಲ. ಗುಡ್ಡೆಯಿಂದ ನರಿ, ತೋಡಿನ ಬದಿಯಿಂದ ಉಡ, ಹಾಡುಹಗಲಲ್ಲೇ ಮುಂಗುಸಿ, ಕತ್ತಲಾದ ಮೇಲೆ ಕಾಡುಬೆಕ್ಕು. ಇವುಗಳ ಬಾಯಿಗೆ ಸಿಕ್ಕ ಕೋಳಿ ಹೋಯಿತೆಂದೇ ಲೆಕ್ಕ. ಹೇಗೋ ಬಿಡಿಸಿಕೊಂಡು ಉಳಿದರೂ ‘ಇನ್ನು ಬದುಕಲಿಕ್ಕಿಲ್ಲ, ಸಾಯುವ ಮೊದಲು ಕೊಯ್ದುಬಿಡಿ’ ಎಂಬ ಮಾತು ನೆರೆಕರೆಯಿಂದ ಬಂದೇ ಬರುತ್ತದೆ. ಕಳೆದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ನನಗೂ ಬಂದಿತ್ತು. ಅದನ್ನು ಕೇಳದೆ ಹೇಂಟೆಯನ್ನು ಉಳಿಸಿಕೊಂಡ ಮೇಲೆ, ಕಚ್ಚಿಸಿಕೊಂಡ ಕೋಳಿಗಳಲ್ಲಿ ಎಷ್ಟೋ ಸಾಯುವುದು ಕಚ್ಚಿದ್ದರಿಂದಲ್ಲ, ಆಮೇಲೆ ನಾವು ಮಾಡುವ ಉಪಚಾರದಿಂದ ಎಂದು ನನಗೆ ಅನಿಸಿದೆ.

ಮುಸ್ಸಂಜೆಯ ಹೊತ್ತಿಗೆ ನರಿ ಹಿಡಿದಿದ್ದ ಹೇಂಟೆ ನಾಯಿಯ ಬೊಗಳುವಿಕೆಯಿಂದಾಗಿ ಅಡಿಕೆ ತೋಟದಲ್ಲಿ ಬಿದ್ದು ಸಿಕ್ಕಿತು. ಬೆನ್ನಿನ ಮೇಲೆ ಅಂಗೈಯಗಲದ ತೊಗಲು ಕಿತ್ತುಬಂದಿತ್ತು, ಕಣ್ಣು ಮುಚ್ಚಿತ್ತು. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಮೊದಲು ಮಾಡುವುದು ಕೊಕ್ಕು ಬಿಡಿಸಿ ನೀರು ಹೊಯ್ಯುವುದು. ನಿತ್ರಾಣಗೊಂಡ ಕೋಳಿಯಲ್ಲಿ ಆ ನೀರು ಶ್ವಾಸನಾಳಕ್ಕೆ ಇಳಿದು ಅದರಿಂದಲೇ ಪ್ರಾಣ ಹೋಗಬಹುದು. ಮೊದಲು ಬೇಕಾದುದು ಕತ್ತಲೆ, ಬಿಸಿ, ಮೌನ. ಕೋಳಿಯ ಸಹಜ ದೇಹೋಷ್ಣತೆ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ನಮ್ಮದು 37; ಹಾಗಾಗಿ ನಮ್ಮ ಕೈಗೆ ಬೆಚ್ಚಗೆನಿಸುವ ಕೋಳಿ ಅದರ ಲೆಕ್ಕದಲ್ಲಿ ತಣ್ಣಗಾಗಿರಬಹುದು. ಹಳೆಯ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಗೋಣಿ ಮುಚ್ಚಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದೇ ಬದಿಗೆ ಇಟ್ಟೆ. ಸೆಕೆಯಾದರೆ ಅದು ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು. ಬಿಸಿಗೆಂದು ಬಲ್ಬು ಉರಿಸೋಣವೆಂದರೆ ನಮ್ಮೂರಿನ ಆಟಿಯಲ್ಲಿ ಕರೆಂಟನ್ನು ನಂಬುವಂತಿಲ್ಲವೆಂದು ಬೇರೆ ಹೇಳಬೇಕಿಲ್ಲ. ಹೇಂಟೆ ತಾನಾಗಿ ತಲೆಯೆತ್ತಿದ ಮೇಲೆಯೇ ಬೆಲ್ಲ, ಚಿಟಿಕೆ ಉಪ್ಪು ಕದಡಿದ ನೀರನ್ನು ಮುಂದಿಟ್ಟೆ.

ಗಾಯ ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಚಹಾ ಚಮಚ ಉಪ್ಪು ಸಾಕು. ತೊಳೆದ ಬಳಿಕ ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ನೀರಿನಲ್ಲಿ ತೆಳು ಚಹಾದ ಬಣ್ಣ ಬರುವಷ್ಟು ಬೆರೆಸಿ ಹಚ್ಚಿದೆ. ಅರಸಿನವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಮೆತ್ತುವ ರೂಢಿ ನನ್ನ ಅತ್ತೆಯ ಕಾಲದಿಂದಲೂ ಇದೆ. ಆದರೆ ಎಣ್ಣೆ ಗರಿಗಳಿಗೆ ಅಂಟಿದರೆ ಕೋಳಿ ಮೈ ಬೆಚ್ಚಗೆ ಉಳಿಸಿಕೊಳ್ಳಲಾರದು, ಆಳದ ಗಾಯದ ಬಾಯಿ ಮುಚ್ಚಿಹೋಗಿ ಒಳಗೆ ಕೀವು ನಿಲ್ಲುತ್ತದೆ. ಇಲ್ಲಿ ನನ್ನಿಂದಲೂ ಒಂದು ತಪ್ಪಾಯಿತು. ಬೆನ್ನಿನ ದೊಡ್ಡ ಗಾಯವನ್ನೇ ನೋಡುತ್ತ, ರೆಕ್ಕೆಯ ಕೆಳಗೆ ಗರಿಯೊಳಗೆ ಅಡಗಿದ್ದ ಎರಡು ಹಲ್ಲಿನ ತೂತುಗಳನ್ನು ಮರುದಿನ ಮಧ್ಯಾಹ್ನದವರೆಗೆ ಗಮನಿಸಲೇ ಇಲ್ಲ. ನಿಜವಾಗಿ ಭಯಪಡಬೇಕಾದದ್ದು ಅಂಥವಕ್ಕೆ, ಏಕೆಂದರೆ ಕಚ್ಚಿದ ಪ್ರಾಣಿಯ ಬಾಯಿಯ ರೋಗಾಣುಗಳು ಒಳಗೆ ಉಳಿದು ರಕ್ತಕ್ಕೆ ಸೇರುತ್ತವೆ. ಗರಿಗಳನ್ನು ಊದಿ, ಬೆರಳಿನಿಂದ ಸರಿಸಿ, ಮೈಯಿಡೀ ಹುಡುಕಬೇಕು. ತೂತು ಕಂಡರೆ ಮೃಗಾಸ್ಪತ್ರೆಗೆ ಒಯ್ಯಲೇಬೇಕು. ವೈದ್ಯರು ಪ್ರತಿಜೀವಕ ಕೊಟ್ಟರು, ಔಷಧಿ ಮುಗಿದ ಮೇಲೂ ತಾವು ಹೇಳಿದಷ್ಟು ದಿನ ಅದರ ಮೊಟ್ಟೆ, ಮಾಂಸ ತಿನ್ನಬಾರದೆಂದರು. (ಐದು ವಾರ ಅದು ಮೊಟ್ಟೆಯನ್ನೇ ಇಡಲಿಲ್ಲ, ಆ ಮಾತು ಬೇರೆ.)

ಮಳೆಗಾಲದ ಇನ್ನೊಂದು ಪೀಡೆ ನೊಣ. ಒದ್ದೆ ಗಾಯದಲ್ಲಿ ಅದು ಇಟ್ಟ ಮೊಟ್ಟೆ ಒಂದು ದಿನದೊಳಗೆ ಹುಳವಾಗುತ್ತದೆ. ಆದ್ದರಿಂದ ಬುಟ್ಟಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಹಾಸನ್ನು ದಿನವೂ ಬದಲಿಸಿ, ಬೆಳಿಗ್ಗೆ ಸಂಜೆ ಗಾಯ ನೋಡುತ್ತಿದ್ದೆ. ಒಣಗಿ ಕಪ್ಪಾದ ಹಕ್ಕಳೆಯನ್ನು ಕೀಳಲಿಲ್ಲ. ಗಾಯದ ಕೆಂಪು ಕಂಡರೆ ಜತೆಯ ಕೋಳಿಗಳೇ ಕುಕ್ಕಿ ಕೊಲ್ಲುತ್ತವೆ. ಹಾಗೆಂದು ತೀರಾ ದೂರವಿಟ್ಟರೆ ಮರಳಿದಾಗ ಹೊಸಬಳೆಂದು ಹೊಡೆದಟ್ಟುತ್ತವೆ. ಬಲೆಯ ಆಚೆ ಒಬ್ಬರನ್ನೊಬ್ಬರು ಕಾಣುವಂತೆ ಇಟ್ಟು, ಗಾಯ ಪೂರ್ತಿ ಮುಚ್ಚಿದ ಮೇಲೆ ಒಂದು ರಾತ್ರಿ ಮೆಲ್ಲನೆ ಗೂಡಿನೊಳಗೆ ಕೂರಿಸಿದೆ.

ಮನುಷ್ಯರ ವಿಷಯವನ್ನೂ ಮರೆಯಬಾರದು. ನರಿಯಿಂದಲೂ ಮುಂಗುಸಿಯಿಂದಲೂ ರೇಬಿಸ್ ಹರಡಬಲ್ಲದು. ಅವುಗಳ ಜೊಲ್ಲು ಹತ್ತಿದ ಕೋಳಿಯನ್ನು ಮುಟ್ಟುವಾಗ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಬೇಕು. ಕೈಯಲ್ಲಿ ಗೀರು ಗಾಯವಿದ್ದರೆ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಅವಸರದಲ್ಲಿ ಕೊಯ್ಯಲು ಹೊರಡುವವರೂ ಇದನ್ನು ಯೋಚಿಸಲಿ. ನರಿಗೆ ಉರುಳು, ವಿಷ ಇಡುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಇಷ್ಟನ್ನೆಲ್ಲ ನಾನು ಕಲಿತದ್ದು ಅವರಿವರನ್ನು ಕೇಳಿ, ತಡವಾಗಿ. ಕೋಳಿಮರಿಗಳನ್ನು ಹಂಚಿದಾಗ ನಮ್ಮ ಕೈಗೆ ಸಿಕ್ಕ ಸೂಚನೆಯ ಹಾಳೆ ಮಲಯಾಳದಲ್ಲಿ ಮಾತ್ರ ಇತ್ತು. ಅದರಲ್ಲಿ ಲಸಿಕೆ, ಮೇವಿನ ಮಾತಿತ್ತೇ ಹೊರತು ಗಾಯದ ಮಾತಿರಲಿಲ್ಲವೆಂದು ಓದಿ ಹೇಳಿದ್ದು ಶಾಲೆಗೆ ಹೋಗುವ ಮಗಳು. ಹಿತ್ತಿಲಲ್ಲಿ ಕೋಳಿ ನೋಡಿಕೊಳ್ಳುವವರು ಹೆಚ್ಚಾಗಿ ನನ್ನಂಥ, ನನಗಿಂತ ಹಿರಿಯ, ಕನ್ನಡ ಮಾತ್ರ ಓದಬಲ್ಲ ಹೆಂಗಸರು. ಮುಂದಿನ ಸಲ ಮರಿ ಹಂಚುವಾಗ ಪ್ರಥಮ ಚಿಕಿತ್ಸೆಯ ಒಂದು ಪುಟವನ್ನು ಕನ್ನಡದಲ್ಲಿಯೂ ಅಚ್ಚು ಹಾಕಿಸಿ, ಸಂಜೆಯ ನಂತರ ಕರೆ ಮಾಡಬಹುದಾದ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಅದರ ಕೆಳಗೆ ಕೊಡಬೇಕೆಂದು ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ಓರ್ವ ಗೃಹಿಣಿ, ಬದಿಯಡ್ಕ