ಲಾ ಸೇರುವ ಮುನ್ನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

"ಯಾವ ಲಾ ಕಾಲೇಜು ಒಳ್ಳೇದಮ್ಮ?" ಅಂತ ಕೇಳಿದ್ದೀಯಲ್ಲ, ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಕಾಲೇಜಿನ ಹೆಸರು ಕೊನೆಗೆ ಬರಲಿ. ಅದಕ್ಕೂ ಮೊದಲು ನೋಡಬೇಕಾದ್ದು ಸಾಕಷ್ಟಿದೆ.

ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಅಥವಾ ಬಿಬಿಎ ಎಲ್‌ಎಲ್‌ಬಿ ಸೇರಬಹುದು. ಇಲ್ಲವೇ ಯಾವುದಾದರೂ ಡಿಗ್ರಿ ಮಾಡಿ ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾವುದಾದರೂ ನಡೆಯುತ್ತದೆ. ಎರಡರ ಕೊನೆಗೂ ಸಿಗುವ ಸನದು, ಅಂದರೆ ವಕೀಲಿಕೆಯ ಪರವಾನಗಿ, ಒಂದೇ. ಐದು ವರ್ಷದ ದಾರಿಯಲ್ಲಿ ಉಳಿತಾಯವಾಗುವುದು ಒಂದು ವರ್ಷ ಮಾತ್ರ. ಆದರೆ ಐದು ವರ್ಷದ ಕೋರ್ಸನ್ನು ಮೂರನೇ ವರ್ಷಕ್ಕೆ ಬಿಟ್ಟು ಹೊರಬಂದರೆ ಬಿಎ ಕೈಗೆ ಬರುವುದಿಲ್ಲ. ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮಗಳು ನಡುವೆ ಸೇರುವುದಕ್ಕೂ ನಡುವೆ ಡಿಗ್ರಿ ಪಡೆದು ಹೊರಡುವುದಕ್ಕೂ ಅವಕಾಶ ಕೊಟ್ಟಿಲ್ಲ. ಹಾಗಾಗಿ ಕಾನೂನೇ ಬೇಕು ಎಂದು ಮನಸ್ಸು ಗಟ್ಟಿಯಾಗಿದ್ದರೆ ಐದು ವರ್ಷದ್ದು ತಗೋ. ಚೂರಾದರೂ ಅನುಮಾನವಿದ್ದರೆ ಮೊದಲು ಡಿಗ್ರಿ ಮಾಡು, ಅದರಿಂದ ಕಳೆದುಕೊಳ್ಳುವಂಥದ್ದೇನಿಲ್ಲ.

ಅದೇ ನಿಯಮಗಳ ಪ್ರಕಾರ ಅರ್ಹತೆಗೆ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಗಳಿಗೆ ಶೇ. 42, ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ. 40 ಅಂಕ ಬೇಕು. ದೂರಶಿಕ್ಷಣದ ಎಲ್‌ಎಲ್‌ಬಿ, ರಾತ್ರಿ ಕಾಲೇಜಿನ ಎಲ್‌ಎಲ್‌ಬಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ. ತರಗತಿಗಳು ಬೆಳಗ್ಗೆ 8ರಿಂದ ಸಂಜೆ 7ರೊಳಗೇ ನಡೆಯಬೇಕು, ಹಾಜರಾತಿ ಶೇ. 70 ಇರಲೇಬೇಕು. "ಫೀಸು ಕಟ್ಟಿ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ" ಎನ್ನುವ ಕಡೆ ನೀನು ಸೇರುವುದು ನನಗೆ ಖಂಡಿತ ಇಷ್ಟವಿಲ್ಲ.

ಮಾನ್ಯತೆಯ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. "ಬಾರ್ ಕೌನ್ಸಿಲ್ ಅಪ್ರೂವ್ಡ್" ಎಂಬ ಬೋರ್ಡು ನೋಡಿ ಸುಮ್ಮನಾಗಬೇಡ. ಮಾನ್ಯತೆ ಕೊಡುವುದು ಕೋರ್ಸಿಗೆ, ಇಂತಿಷ್ಟು ವರ್ಷಕ್ಕೆ, ಇಂತಿಷ್ಟು ಸೆಕ್ಷನ್‌ಗೆ. ಒಂದು ಸೆಕ್ಷನ್ ಅಂದರೆ 60 ಸೀಟು. ಬಿಎ ಎಲ್‌ಎಲ್‌ಬಿಗೆ ಮಾನ್ಯತೆ ಇದ್ದು, ಅದೇ ಕಟ್ಟಡದ ಬಿಬಿಎ ಎಲ್‌ಎಲ್‌ಬಿಗೆ ಇನ್ನೂ ಬಾರದೇ ಇರಬಹುದು. ಕಾಲೇಜಿನ ಆಫೀಸಿನಲ್ಲಿ ಪತ್ರವನ್ನೇ ತೋರಿಸಿ ಎಂದು ಕೇಳು. ಅದರಲ್ಲಿ ನಿನ್ನ ಕೋರ್ಸಿನ ಹೆಸರು, ನೀನು ಸೇರುವ ವರ್ಷ, ಸೀಟಿನ ಸಂಖ್ಯೆ ಓದು. ಕೇಳುವುದಕ್ಕೆ ಸಂಕೋಚ ಬೇಡ. ಐದು ವರ್ಷವಾದ ಮೇಲೆ ಸನದಿಗೆ ಅರ್ಜಿ ಹಾಕುವಾಗ ತೊಂದರೆಗೆ ಸಿಕ್ಕುವವಳು ನೀನು, ಆ ಆಫೀಸಿನವರಲ್ಲ.

ಇನ್ನು ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಕೋರ್ಸಿಗೆ ಇದೇ ಬಾಗಿಲು. ದೆಹಲಿಯದಕ್ಕೆ ಐಲೆಟ್ ಎಂಬ ಬೇರೆ ಪರೀಕ್ಷೆ. ಕ್ಲ್ಯಾಟ್ ಈಚೆಗೆ ಡಿಸೆಂಬರ್ ಮೊದಲ ಭಾನುವಾರ ನಡೆಯುತ್ತಿದೆ, ಅಂದರೆ ಸೆಕೆಂಡ್ ಪಿಯುಸಿ ಪರೀಕ್ಷೆಗೂ ಮೊದಲೇ. ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಕೂತರೆ ಆ ವರ್ಷ ಕೈತಪ್ಪಿದ ಹಾಗೆ. ಎರಡು ಗಂಟೆ, 120 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಎಲ್ಲವೂ ಇಂಗ್ಲಿಷಿನಲ್ಲಿ. ಪೆನ್ನಿನಲ್ಲಿ ಓಎಂಆರ್ ಹಾಳೆ ತುಂಬಬೇಕು, ಒಮ್ಮೆ ತುಂಬಿದ ವೃತ್ತವನ್ನು ಅಳಿಸಲಾಗದು. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಗೊತ್ತಿಲ್ಲದ 16 ಪ್ರಶ್ನೆಗಳನ್ನು ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ 4 ಸರಿ, 12 ತಪ್ಪು. 4ರಲ್ಲಿ 3 ಹೋಗಿ ಉಳಿಯುವುದು ಒಂದೇ ಅಂಕ. ಆದರೆ ಪ್ರತಿ ಪ್ರಶ್ನೆಯಲ್ಲೂ ಒಂದು ತಪ್ಪು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಬಲ್ಲೆಯಾದರೆ, 15 ಪ್ರಶ್ನೆಗೆ 5 ಸರಿ, 10 ತಪ್ಪು, ಎರಡೂವರೆ ಅಂಕ ಉಳಿಯುತ್ತದೆ. ಆ ಒಂದನ್ನು ಹೊಡೆಯಲು ಆಗದಿದ್ದರೆ ಖಾಲಿ ಬಿಟ್ಟು ಮುಂದೆ ಹೋಗು, ಸಮಯವಾದರೂ ಉಳಿಯುತ್ತದೆ.

ಕಾನೂನಿನ ಪ್ರಶ್ನೆಗೆ ಕಾನೂನು ಗೊತ್ತಿರಬೇಕಿಲ್ಲ, ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹೊಂದಿಸಬೇಕು. ಹೀಗಿರುತ್ತದೆ ನೋಡು. ಅನುಮತಿಯಿಲ್ಲದೆ ಬೇರೆಯವರ ಜಾಗಕ್ಕೆ ಬೇಕೆಂದೇ ಕಾಲಿಟ್ಟರೆ ಅದು ಅತಿಕ್ರಮ ಪ್ರವೇಶ, ಜಾಗ ತನ್ನದೆಂದು ತಪ್ಪು ತಿಳಿದಿದ್ದೆ ಎನ್ನುವುದು ಸಮರ್ಥನೆಯಾಗದು ಎಂಬುದು ನಿಯಮ. ರಾಮಣ್ಣ ತನ್ನ ತೋಟವೆಂದೇ ತಿಳಿದು ಬೇಲಿ ಇಲ್ಲದ ಪಕ್ಕದ ಅಡಿಕೆ ತೋಟಕ್ಕೆ ಹೋಗಿ ಬಿದ್ದಿದ್ದ ಸೋಗೆ ಎತ್ತಿಟ್ಟ. ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ನಿನ್ನ ಕೈ "ಹೊಣೆಯಿಲ್ಲ" ಎಂಬ ಉತ್ತರದ ಕಡೆ ಹೋಗುತ್ತದೆ. ಅಲ್ಲೇ ತಪ್ಪುವುದು. ಅವನು ನಡೆದು ಹೋದದ್ದು ಬೇಕೆಂದೇ, ತಪ್ಪು ತಿಳಿವಳಿಕೆ ಲೆಕ್ಕಕ್ಕಿಲ್ಲ, ಆದ್ದರಿಂದ ಹೊಣೆಗಾರ. ನಿನಗೆ ನ್ಯಾಯ ಎನಿಸಿದ್ದನ್ನು ಬದಿಗಿಟ್ಟು ಬರೆದಿರುವುದನ್ನು ಓದುವ ಈ ಅಭ್ಯಾಸ ಕೋರ್ಟಿನಲ್ಲೂ ಬೇಕು. ಕ್ಲ್ಯಾಟ್ ನಡೆಸುವ ಕನ್ಸಾರ್ಟಿಯಂನ ಜಾಲತಾಣದಲ್ಲಿ ಮಾದರಿ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ, ದುಬಾರಿ ಕೋಚಿಂಗಿಗೆ ದುಡ್ಡು ಹಾಕುವ ಮೊದಲು ಗಡಿಯಾರ ಇಟ್ಟುಕೊಂಡು ಅವನ್ನು ಮಾಡು.

ಅರ್ಜಿ ಹಾಕುವಾಗ ಮೀಸಲಾತಿಯ ಕಾಲಂ ನಿಧಾನವಾಗಿ ತುಂಬು. ನಮ್ಮ ರಾಜ್ಯದ 2ಎ, 3ಬಿ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದ ಪ್ರಮಾಣಪತ್ರ ಕೇಂದ್ರದ ನಮೂನೆಯ ಬದಲಿಗೆ ನಡೆಯದು. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇದೆ. ನೀನು ಅದಕ್ಕೆ ಅರ್ಹಳು. ಒಂದನೇ ತರಗತಿಯಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ತೆಗೆಸಿಟ್ಟುಕೊಳ್ಳೋಣ.

ಕ್ಲ್ಯಾಟ್ ಆದ ಮೇಲೆ ಸೀಟು ಹಂಚುವಾಗ ಫ್ರೀಜ್, ಫ್ಲೋಟ್ ಎಂದು ಕೇಳುತ್ತಾರೆ. ಫ್ರೀಜ್ ಅಂದರೆ ಇದೇ ಸಾಕು ಎಂದಂತೆ. ಫ್ಲೋಟ್ ಅಂದರೆ ಇದು ಇರಲಿ, ನನ್ನ ಪಟ್ಟಿಯಲ್ಲಿ ಮೇಲಿರುವುದು ಸಿಕ್ಕರೆ ಅದನ್ನು ಕೊಡಿ ಎಂದಂತೆ. ಮೇಲಿನದು ಸಿಕ್ಕ ಕೂಡಲೇ ಹಳೆಯದು ಹೋಗುತ್ತದೆ, ಮರಳಿ ಬಾರದು. ಆದ್ದರಿಂದ ಹೋಗಲು ಮನಸ್ಸಿಲ್ಲದ ಊರನ್ನು ಮೇಲೆ ಬರೆಯಬೇಡ. ಉತ್ತರ ಕೊಡದೆ ಕೊನೆಯ ದಿನ ದಾಟಿಸಿದರೆ ಹೊರಹೋದೆ ಎಂದೇ ಲೆಕ್ಕ. ಫೀಸು, ಹಾಸ್ಟೆಲ್ ಸೇರಿ ಬಹುತೇಕ ಕಡೆ ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಆ ಲೆಕ್ಕ ನನಗೆ ಬಿಡು, ಬ್ಯಾಂಕಿನ ಸಾಲದ ಕಾಗದಪತ್ರ ನಾನು ಮೊದಲೇ ಸಿದ್ಧ ಮಾಡುತ್ತೇನೆ.

ಕ್ಲ್ಯಾಟ್ ಆಗದಿದ್ದರೆ ದಾರಿ ಮುಚ್ಚಿತು ಎಂದುಕೊಳ್ಳಬೇಡ ಮಗಳೇ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ತುಂಬ ಕಾಲೇಜುಗಳಿವೆ, ಪಿಯುಸಿ ಅಂಕದ ಮೇಲೆ ಸೀಟು ಸಿಗುತ್ತದೆ. ಕೋರ್ಸಿನ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದು. ಕೆಳ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ಆಸೆ ನಿನಗಿದ್ದರೆ ಇಂಥ ಕಾಲೇಜೇ ವಾಸಿ ಎನ್ನುತ್ತೇನೆ. ಕಾಲೇಜಿನಿಂದ ಜಿಲ್ಲಾ ನ್ಯಾಯಾಲಯಕ್ಕೆ ನಡೆದು ಹೋಗುವಷ್ಟು ದೂರವಿದ್ದರೆ ಇನ್ನೂ ಒಳ್ಳೆಯದು. ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಕಕ್ಷಿದಾರರು ಕನ್ನಡದಲ್ಲಿ ಹೇಳುವ ಕಷ್ಟ ದಾವೆಯ ಕಾಗದವಾಗುವುದನ್ನು ಆ ವಾರಗಳಲ್ಲಿ ಕಣ್ಣಾರೆ ನೋಡುತ್ತೀ. ಸೀನಿಯರ್‌ಗಳ ಹಳೆಯ ಪುಸ್ತಕ ಕೊಳ್ಳುವಾಗ ಮಾತ್ರ ಎಚ್ಚರ. 2024ರ ಜುಲೈ 1ರಿಂದ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಲಮುಗಳ ಸಂಖ್ಯೆಯೇ ಬದಲಾಗಿದೆ.

ನ್ಯಾಯಾಧೀಶೆಯಾಗುವ ಮಾತನ್ನೂ ನೀನು ಆಡಿದ್ದೆ. 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕು ಎಂದಿದೆ. ಹಾಗಾಗಿ ಐದಕ್ಕೆ ಮೂರು ಸೇರಿಸಿ ಎಂಟು ವರ್ಷ ಎಂದೇ ಲೆಕ್ಕ ಹಾಕು.

ಈ ಶನಿವಾರ ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ನಾಲ್ಕು ಫೋಟೋ ತಗೊಂಡು ಬಾ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಹಾಗೇ ನಿನ್ನ ಪ್ರೈಮರಿ ಶಾಲೆಗೂ ಹೋಗಿ ಬರೋಣ.

ನಿನ್ನ
ಅಮ್ಮ